ನಾಲ್ಕನೇ ಸಂಪುಟದಲ್ಲಿ ಟಿರಿಯನ್ ಎಲ್ಲಿ? 'ಎ ಫೀಸ್ಟ್ ಫಾರ್ ಕ್ರೋಸ್' ಅರ್ಧಕ್ಕೆ ನಿಂತಿದೆ

ಕೋಡಿಬಾಗ:
ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಆಂಡ್ ಫೈರ್' ಕಾದಂಬರಿ ಸರಣಿ ಓದಿದವರು ಕಾರವಾರ, ಶಿರಸಿ ಕಡೆ ಸುಮಾರು ಜನ ಇಲ್ಲಿದ್ದೀರಿ, ಅದಕ್ಕೇ ಕೇಳ್ತಾ ಇದ್ದೇನೆ. ನಾಲ್ಕನೇ ಸಂಪುಟ ಇಷ್ಟು ಸಪ್ಪೆ ಯಾಕೆ?

ಮೂರನೇದು ಮುಗಿಯುವಾಗ ಟಿರಿಯನ್ ಅಪ್ಪನನ್ನೇ ಕೊಂದು ಪರಾರಿ. ಜಾನ್ ಉತ್ತರ ಗಡಿಯ ಹಿಮಗೋಡೆಯ ಕಾವಲುಪಡೆಗೆ ದಂಡನಾಯಕ. ಡ್ರಾಗನ್‌ಗಳ ಒಡತಿ ಡೆನೇರಿಸ್ ಸಮುದ್ರದ ಆಚೆಯ ಮೀರೀನ್ ಪಟ್ಟಣ ಗೆದ್ದು, ಮುಂದೆ ಹೋಗೋದಿಲ್ಲ, ಇಲ್ಲೇ ಕೂತು ಆಳ್ತೇನೆ ಅಂತ ನಿಂತಿದ್ದಾಳೆ. ಮೂರು ಕತೆಯೂ ತುತ್ತ ತುದಿಯಲ್ಲಿ. ನಾಲ್ಕನೇದು ತೆರೆದರೆ ಈ ಮೂವರದ್ದು ಒಂದು ಅಧ್ಯಾಯವೂ ಇಲ್ಲ. ಬ್ರಾನ್ ಕೂಡ ಇಲ್ಲ. ಬದಲಿಗೆ ಎಲ್ಲ ಹೊಸ ಮುಖ. ಎಷ್ಟೋ ಅಧ್ಯಾಯದ ನೆತ್ತಿಯಲ್ಲಿ ಹೆಸರೂ ಇಲ್ಲ; 'ದಿ ಪ್ರಾಫೆಟ್', 'ದಿ ಕ್ಯಾಪ್ಟನ್ ಆಫ್ ಗಾರ್ಡ್ಸ್' ಅಂತ ಬಿರುದು ಮಾತ್ರ. ಬ್ರಿಯೆನ್ ಅನ್ನೋ ಯೋಧೆ ಊರೂರು ತಿರುಗಿ, ತಲೆಮರೆಸಿಕೊಂಡ ಸಾನ್ಸಾಳನ್ನ ಹುಡುಕ್ತಾಳೆ. ಸಾನ್ಸಾ ಆ ದಿಕ್ಕಿನಲ್ಲೇ ಇಲ್ಲ ಅಂತ ಓದುಗನಿಗೆ ಮೂರನೇ ಸಂಪುಟದಲ್ಲೇ ಗೊತ್ತಾಗಿದೆ. ಮತ್ತೆ ಆ ಹುಡುಕಾಟ ಯಾರಿಗೋಸ್ಕರ?

21ನೇ ಅಧ್ಯಾಯ 'ದಿ ಕ್ವೀನ್‌ಮೇಕರ್' ಮುಗಿದಿದೆ. ಇಲ್ಲಿಗೇ ಬಿಟ್ಟು ಐದನೇ ಸಂಪುಟಕ್ಕೆ ಹೋದರೆ ನಡೀತದಾ? ಇದರ ಟಿವಿ ಸರಣಿ 'ಗೇಮ್ ಆಫ್ ಥ್ರೋನ್ಸ್' ಪೂರ್ತಿ ನೋಡಿ ಆಗಿದೆ, ಹಾಗಾಗಿ ಗುಟ್ಟು ಹೇಳಿದರೂ ಬೇಜಾರಿಲ್ಲ.

ಗಂಗಾವಳಿ:
ಹಾರಬೇಡಿ ಮಾರಾಯ್ರೆ. ಐದನೇದರ ನಡುವಿನಲ್ಲಿ ರಾಣಿ ಸೆರ್ಸಿ, ಅವಳ ಅವಳಿ ಜೇಮಿ, ಸಾನ್ಸಾಳ ತಂಗಿ ಆರ್ಯ ಎಲ್ಲರೂ ವಾಪಸ್ ಬರ್ತಾರೆ. ನಾಲ್ಕನೇದು ಓದದೆ ಹೋದರೆ ಅವರು ಯಾಕೆ ಆ ಸ್ಥಿತಿಯಲ್ಲಿದ್ದಾರೆ ಅಂತ ತಲೆ ಬುಡ ತಿಳಿಯೋದಿಲ್ಲ.

ಸೋಂದೆ:
ಟಿರಿಯನ್ ಯಾಕಿಲ್ಲ ಅನ್ನೋದಕ್ಕೆ ಕಾರಣ ಕತೆಯ ಒಳಗಿಲ್ಲ, ಬರೆದ ರೀತಿಯಲ್ಲಿದೆ. ಮೂರನೇ ಸಂಪುಟ ಬಂದಿದ್ದು 2000ದಲ್ಲಿ. ಆಮೇಲೆ ಕತೆಯನ್ನ ಐದು ವರ್ಷ ಮುಂದಕ್ಕೆ ಹಾರಿಸೋದು ಮಾರ್ಟಿನ್ ಯೋಜನೆ. ಆರ್ಯ, ಬ್ರಾನ್, ಡ್ರಾಗನ್ ಮರಿಗಳು ಎಲ್ಲ ಬೆಳೆಯಬೇಕಲ್ಲ, ಆ ಲೆಕ್ಕ. ಮಕ್ಕಳ ಕತೆಗೆ ಅದು ಸರಿ ಹೊಂದಿತು. ದೊಡ್ಡವರ ಕತೆಗೆ ಹೊಂದಲಿಲ್ಲ. ಈಗಷ್ಟೇ ದಂಡನಾಯಕ ಆದ ಜಾನ್ ಐದು ವರ್ಷ ಸುಮ್ಮನೆ ಕೂತಿದ್ದ ಅಂದರೆ ಯಾರು ನಂಬ್ತಾರೆ? ಸೆರ್ಸಿ ಐದು ವರ್ಷ ಏನೂ ಮಾಡದೆ ಇರ್ತಾಳಾ? ನಡುವೆ ಏನಾಯ್ತು ಅಂತ ಹೇಳಲಿಕ್ಕೆ ಹಳೇ ನೆನಪುಗಳನ್ನೇ ತುಂಬಬೇಕಾಯ್ತು. ಹಾಗಾಗಿ ಆ ಜಿಗಿತವನ್ನೇ ಬಿಟ್ಟು, ಮೂರನೇದು ನಿಂತ ಜಾಗದಿಂದ ಪುನಃ ಹಿಡಿದರು.

ಬರೀತಾ ಬರೀತಾ ಅದು ಒಂದು ಸಂಪುಟಕ್ಕೆ ಹಿಡಿಸದಷ್ಟು ಬೆಳೀತು. ಎರಡು ಮಾಡಲೇಬೇಕಾಯ್ತು. ಆಗ ಮಾಡಿದ ತೀರ್ಮಾನವೇ ಇಲ್ಲಿ ಮುಖ್ಯ: ಕಾಲದ ಲೆಕ್ಕದಲ್ಲಿ ಅರ್ಧ ಮಾಡದೆ ಜಾಗದ ಲೆಕ್ಕದಲ್ಲಿ ಅರ್ಧ ಮಾಡಿದರು. ರಾಜಧಾನಿ, ನದಿನಾಡು, ಡಾರ್ನ್, ಐರನ್ ದ್ವೀಪಗಳು ನಾಲ್ಕನೇದಕ್ಕೆ. ಗೋಡೆ, ಉತ್ತರ ನಾಡು, ಸಮುದ್ರದ ಆಚೆಯದ್ದು ಐದನೇದಕ್ಕೆ. ನಾಲ್ಕನೇದು 2005ರಲ್ಲಿ ಬಂತು. ಕೊನೇ ಪುಟದಲ್ಲಿ ಲೇಖಕರೇ ಇದನ್ನ ವಿವರಿಸಿ, ಉಳಿದರ್ಧ ಮುಂದಿನ ವರ್ಷ ಬರಬಹುದು ಅಂತ ಆಸೆ ಇಟ್ಟು ಬರೆದಿದ್ದಾರೆ. ಅದು ಬಂದಿದ್ದು 2011ರ ಜುಲೈನಲ್ಲಿ.

ಬೈತಖೋಲ:
ಇದು ವಿವರಣೆ ಆಯ್ತು, ಸಮರ್ಥನೆ ಆಗಲಿಲ್ಲ. ಪುಸ್ತಕ ದಪ್ಪ ಆಗಿದ್ದು ಲೇಖಕರ ಮತ್ತು ಪ್ರಕಾಶಕರ ಕಷ್ಟ. ಓದುಗ ದುಡ್ಡು ಕೊಟ್ಟು ತಗೊಳ್ಳುವಾಗ ಅವನ ಕೈಗೆ ಬರೋದು ಒಂದು ಪುಸ್ತಕ. ಅದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಜಾಗ ಪ್ರಕಾರ ಕತೆ ಒಡೆಯೋದು ಟೋಲ್ಕೀನ್ ಮೊದಲೇ ಮಾಡಿದ್ದಾರೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಎರಡನೇ ಸಂಪುಟ 'ದಿ ಟು ಟವರ್ಸ್' ತೆಗೆದು ನೋಡಿ. ಮೊದಲರ್ಧದ 11 ಅಧ್ಯಾಯದಲ್ಲಿ ಕಥಾನಾಯಕ ಫ್ರೋಡೋ ಇಲ್ಲವೇ ಇಲ್ಲ. ಆಮೇಲಿನ 10 ಅಧ್ಯಾಯ ಪೂರ್ತಿ ಅವನದ್ದು. ಆದರೆ ಎರಡೂ ಒಂದೇ ರಟ್ಟಿನ ಒಳಗಿದೆ. ಓದುಗ ಕಾಯಬೇಕಾಗಿದ್ದು 11 ಅಧ್ಯಾಯ, ಆರು ವರ್ಷ ಅಲ್ಲ.

ಸೋಂದೆ:
ಟೋಲ್ಕೀನ್ ಓದುಗರೂ ಕಾದಿದ್ದಾರೆ. 'ದಿ ಟು ಟವರ್ಸ್' 1954ರ ನವೆಂಬರಿನಲ್ಲಿ ಬಂತು, ಮುಂದಿನದ್ದು 1955ರ ಅಕ್ಟೋಬರಿನಲ್ಲಿ. ಫ್ರೋಡೋ ಶತ್ರುಗಳ ಕೈಗೆ ಸಿಕ್ಕಿಬಿದ್ದ ಜಾಗದಲ್ಲಿ ಸಂಪುಟ ನಿಲ್ಲುತ್ತೆ.

ಬೈತಖೋಲ:
ಅದು ಹನ್ನೊಂದು ತಿಂಗಳು. ಮತ್ತೆ ಅವರು ಅದನ್ನ ಒಂದೇ ಪುಸ್ತಕ ಅಂತ ಬರೆದು ಮುಗಿಸಿ ಇಟ್ಟಿದ್ದರು, ಅಚ್ಚು ಹಾಕುವಾಗ ಮೂರಾಯ್ತು. ಬರೆದು ಮುಗಿಸಿ ಒಡೆಯೋದಕ್ಕೂ ಬರೆಯುವ ಮೊದಲೇ ಒಡೆಯೋದಕ್ಕೂ ವ್ಯತ್ಯಾಸ ಉಂಟು.

ಅಘನಾಶಿನಿ:
ಎಲ್ಲ ಹೊಸ ಮುಖ ಅನ್ನೋದನ್ನ ಮಾತ್ರ ಒಪ್ಪಲಿಕ್ಕಾಗೋದಿಲ್ಲ. ಲೆಕ್ಕ ಹಾಕಿ ನೋಡಿ. ಮುನ್ನುಡಿ ಅಧ್ಯಾಯ ಬಿಟ್ಟು 45. ಸೆರ್ಸಿ 10, ಬ್ರಿಯೆನ್ 8, ಜೇಮಿ 7, ಸ್ಯಾಮ್ 5, ಆರ್ಯ 3, ಸಾನ್ಸಾ 3. ಇಲ್ಲಿಗೆ 36 ಆಯ್ತು. ಉಳಿದಿದ್ದು ಐರನ್ ದ್ವೀಪಗಳ 5, ಡಾರ್ನ್‌ನ 4. ಬರೀ 9 ಅಧ್ಯಾಯಕ್ಕೆ ಇಷ್ಟು ಬೇಜಾರಾ?

ಗಂಗಾವಳಿ:
ಅಕ್ಕಾ, ಲೆಕ್ಕ ಸರಿ ಇದೆ, ಆದರೆ ಒಂದು ಬಿಟ್ಟಿದ್ದೀರಿ. ಸೆರ್ಸಿಯನ್ನೂ ಬ್ರಿಯೆನ್‌ಳನ್ನೂ ಮೊದಲ ಮೂರು ಸಂಪುಟದಲ್ಲಿ ನಾವು ಬೇರೆಯವರ ಕಣ್ಣಲ್ಲೇ ನೋಡಿದ್ದು. ಅವರದ್ದೇ ಅಂತ ಅಧ್ಯಾಯ ಶುರುವಾಗಿದ್ದು ನಾಲ್ಕನೇದರಲ್ಲಿ. ಹಾಗಾಗಿ 18 ಕ್ಕೆ ಈ 9 ಸೇರಿಸಿದರೆ 27. ನಲವತ್ತೈದರಲ್ಲಿ 27 ಅಂದರೆ ಅರ್ಧಕ್ಕಿಂತ ಹೆಚ್ಚು. ಕೋಡಿಬಾಗದವರಿಗೆ ಹೊಸ ಊರಿಗೆ ಬಂದ ಹಾಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಅಘನಾಶಿನಿ:
ಹೌದು, ಅದು ಸರಿ. ಆದರೂ ಸೆರ್ಸಿಯ ಹತ್ತು ಅಧ್ಯಾಯ ಈ ಸರಣಿಯಲ್ಲೇ ಅತಿ ಬಿಗಿಯಾಗಿ ಹೆಣೆದದ್ದು ಅಂತ ಮತ್ತೊಮ್ಮೆ ಹೇಳ್ತೇನೆ. ಹೊರಗಿನಿಂದ ನೋಡುವಾಗ ಭಾರೀ ಚಾಣಾಕ್ಷೆ ಅಂತ ಕಂಡವಳು ಒಳಗಿನಿಂದ ನೋಡಿದರೆ ಪ್ರತಿ ಹೆಜ್ಜೆಯಲ್ಲೂ ತಪ್ಪು ಲೆಕ್ಕ ಹಾಕ್ತಾಳೆ. ಸರಿಯಾದ ಸಲಹೆ ಕೊಟ್ಟವರನ್ನ ಒಬ್ಬೊಬ್ಬರಾಗಿ ದೂರ ಮಾಡ್ತಾಳೆ, ಹೊಗಳಿದವರನ್ನ ಹತ್ತಿರ ತಗೊಳ್ತಾಳೆ. ಅವಳಿಗೆ ಅದು ಗೊತ್ತಿಲ್ಲ. ಓದುವವನಿಗೆ ಸಾಲು ಸಾಲಿಗೂ ಗೊತ್ತಾಗ್ತದೆ. ಹೊರಗಿನ ಕಣ್ಣಲ್ಲಿ ಬರೆದಿದ್ದರೆ ಇದು ದಕ್ಕುತ್ತಿರಲಿಲ್ಲ.

ಬನವಾಸಿ:
ನನ್ನ ಅಭಿಪ್ರಾಯ ಬೇರೆ ಇದೆ, ಸ್ವಲ್ಪ ಉದ್ದ ಆಗ್ತದೆ.

ಮಹಾಭಾರತದಲ್ಲಿ ಗದಾಪರ್ವದ ತನಕ ಎಲ್ಲರಿಗೂ ಉಸಿರು ಬಿಗಿ ಹಿಡಿದು ಕೇಳುವ ಕತೆ. ಆಮೇಲೆ ಸ್ತ್ರೀಪರ್ವ. ಗಾಂಧಾರಿ, ಕುರುಕುಲದ ಸೊಸೆಯಂದಿರು ರಣರಂಗಕ್ಕೆ ಬಂದು ತಮ್ಮ ತಮ್ಮವರ ಹೆಣ ಹುಡುಕುವ ಭಾಗ. ಅಲ್ಲಿ ಯುದ್ಧ ಇಲ್ಲ, ಗೆಲುವಿಲ್ಲ, ನರಿ ರಣಹದ್ದು ಉಂಟು. 'ಎ ಫೀಸ್ಟ್ ಫಾರ್ ಕ್ರೋಸ್' ಅಂದರೂ ಅದೇ ಅಲ್ಲವೇ? ಕಾಗೆಗಳ ಔತಣ. ಹೆಸರೇ ಹೇಳ್ತಾ ಇದೆ, ಇದು ಸರಣಿಯ ಸ್ತ್ರೀಪರ್ವ ಅಂತ. ರಾಜರ ಯುದ್ಧ ಒಂದು ಹಂತಕ್ಕೆ ಬಂದ ಮೇಲೆ ಹೊಲ ಸುಟ್ಟವರು, ಮನೆ ಕಳಕೊಂಡವರು, ದಾರಿಯಲ್ಲಿ ನೇತುಹಾಕಿದವರು, ಇವರನ್ನ ನೋಡಲಿಕ್ಕೆ ಒಬ್ಬರು ನಡೆದು ಹೋಗಬೇಕಿತ್ತು. ಬ್ರಿಯೆನ್ ನಡೀತಾಳೆ. ಅವಳು ಹುಡುಕೋದು ಸಾನ್ಸಾಳನ್ನ, ನಮಗೆ ತೋರಿಸೋದು ನಾಡನ್ನ.

ಕೋಡಿಬಾಗದವರು ನಿಲ್ಲಿಸಿದ್ದು 21ಕ್ಕೆ. ಇನ್ನು ನಾಲ್ಕೇ ಅಧ್ಯಾಯ ಮುಂದೆ, 25ರಲ್ಲಿ, ಮೆರಿಬಾಲ್ಡ್ ಅನ್ನೋ ಒಬ್ಬ ಬರಿಗಾಲ ಸಂನ್ಯಾಸಿ ಪಡೆ ಬಿಟ್ಟು ಓಡಿ ಹೋದ ಸೈನಿಕರ ಬಗ್ಗೆ ಮಾತಾಡ್ತಾನೆ. ಹಳ್ಳಿ ಹುಡುಗರು ಅಣ್ಣ ತಮ್ಮಂದಿರ ಜೊತೆ, ಗೆಳೆಯರ ಜೊತೆ ಉತ್ಸಾಹದಲ್ಲಿ ಯುದ್ಧಕ್ಕೆ ಹೋಗ್ತಾರೆ. ಒಬ್ಬೊಬ್ಬರೇ ಸಾಯ್ತಾರೆ. ಸತ್ತವರ ಕಾಲಿನ ಜೋಡು ಕಿತ್ತು ಹಾಕಿಕೊಳ್ತಾರೆ. ಒಂದು ದಿನ ಯಾವುದೋ ಒಂದು ಕ್ಷಣದಲ್ಲಿ ಒಳಗೆ ಏನೋ ಮುರಿದು ಬೀಳುತ್ತೆ. ಇಡೀ ಸರಣಿಯ ತಿರುಳು ಆ ಎರಡು ಪುಟ. ಅದನ್ನ ಓದದೆ ಪುಸ್ತಕ ಮುಚ್ಚಬೇಡಿ.

ಬೈತಖೋಲ:
ಮಾಸ್ತರ್ರೆ, ಹೋಲಿಕೆ ಚಂದ ಇದೆ, ಆದರೆ ಒಂದು ಕಡೆ ಕುಂಟುತ್ತೆ. ಸ್ತ್ರೀಪರ್ವ ಬರೋದು ಹದಿನೆಂಟು ದಿನದ ಯುದ್ಧ ಮುಗಿದ ಮೇಲೆ. ದುರ್ಯೋಧನ ಬಿದ್ದ, ಲೆಕ್ಕ ಚುಕ್ತಾ ಆಯ್ತು. ಇಲ್ಲಿ ಯಾರ ಲೆಕ್ಕವೂ ಚುಕ್ತಾ ಆಗಿಲ್ಲ. ಕರ್ಣ ಅರ್ಜುನ ಎದುರಾಬದುರಾ ನಿಂತಾಗ ಕತೆ ನಿಲ್ಲಿಸಿ ಸ್ತ್ರೀಪರ್ವ ಶುರು ಮಾಡಿದ ಹಾಗಾಯ್ತು.

ಕೋಡಿಬಾಗ:
ಬೈತಖೋಲದವರು ನನ್ನ ಬಾಯಿಂದ ಮಾತು ಕಸಿದುಕೊಂಡರು. ಸರಿಯಾಗಿ ಇದೇ ನನ್ನ ತಕರಾರು.

ಇಡಗುಂಜಿ ದಾರಿ:
ಮೊದಲೇ ಗೊತ್ತಿದ್ದರೆ ರಸ ಇಲ್ಲ ಅನ್ನೋದು ನಮ್ಮ ಸೀಮೆಯವರು ಹೇಳುವ ಮಾತಾ? ತಾಳಮದ್ದಳೆಗೆ ಕೂತವರಿಗೆ ಕರ್ಣ ಯಾರ ಮಗ ಅಂತ ಗೊತ್ತಿಲ್ಲವಾ? ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅರ್ಥಧಾರಿ ಒಂದೊಂದು ಮಾತಾಡುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗೋದು ಅದಕ್ಕೇ. ಬ್ರಿಯೆನ್ ಹೋದಲ್ಲೆಲ್ಲ 'ಕೆಂಚು ಕೂದಲಿನ, ಹದಿಮೂರು ವರ್ಷದ ಹುಡುಗಿಯನ್ನ ಕಂಡಿರಾ' ಅಂತ ಕೇಳೋದನ್ನ ಆ ಕಿವಿಯಲ್ಲಿ ಕೇಳಿ ನೋಡಿ.

ಗಂಗಾವಳಿ:
ಕರ್ಣನಿಗೆ ಉದ್ಯೋಗಪರ್ವದಲ್ಲಿ ಕೃಷ್ಣ ಸತ್ಯ ಹೇಳ್ತಾನೆ. ಆ ಸಂಕಟಕ್ಕೆ ಒಂದು ಫಲ ಸಿಗ್ತದೆ. ಬ್ರಿಯೆನ್ ಕತೆಗೆ ಈ ಸಂಪುಟದೊಳಗೆ ಫಲ ಇಲ್ಲ. ಎಂಟನೇ ಅಧ್ಯಾಯ ಒಂದು ಕೂಗಿಗೆ ನಿಲ್ಲುತ್ತೆ. ಏನು ಕೂಗಿದಳು ಅಂತಲೂ ಹೇಳೋದಿಲ್ಲ.

ಇಡಗುಂಜಿ ದಾರಿ:
ಅಲ್ಲಿಗೆ ಒಪ್ಪಿದೆ.

ಕುಮಟಾ ಪೇಟೆ:
ನಾಲ್ಕನೇದು ಐದನೇದು ಎರಡನ್ನೂ ಅಧ್ಯಾಯ ಅಧ್ಯಾಯ ಬೆರೆಸಿ ಕಾಲಕ್ರಮದಲ್ಲಿ ಓದುವ ಪಟ್ಟಿಗಳು ಅಂತರ್ಜಾಲದಲ್ಲಿ ಸಿಗ್ತವೆ. ಹಾಗೆ ಓದಿದರೆ ಟಿರಿಯನ್, ಜಾನ್ ಎಲ್ಲ ನಡುನಡುವೆ ಬರ್ತಾರೆ, ಬೇಜಾರಾಗೋದಿಲ್ಲ. ಯಾರೂ ಇದನ್ನ ಹೇಳಲಿಲ್ಲವಲ್ಲ?

ಸೋಂದೆ:
ಮೊದಲ ಓದಿಗೆ ಅದು ಬೇಡ ಅಂತಲೇ ಹೇಳಲಿಲ್ಲ. ಎರಡನೇ ಸಲ ಓದುವವರಿಗೆ ಬಹಳ ಒಳ್ಳೇದು. ಮೊದಲ ಸಲಕ್ಕೆ ಎರಡು ಕಡೆ ಕೆಡುತ್ತೆ, ಎಲ್ಲಿ ಅಂತ ಹೇಳ್ತೇನೆ.

ಒಂದು, ಗಿಲ್ಲಿಯ ಕೂಸು. ನಾಲ್ಕನೇ ಸಂಪುಟದಲ್ಲಿ ಜಾನ್‌ನ ಗೆಳೆಯ ಸ್ಯಾಮ್, ಕುರುಡು ಮುದುಕ ಏಮನ್, ಕೂಸೆತ್ತಿಕೊಂಡ ಗಿಲ್ಲಿ ಮೂವರೂ ಗೋಡೆ ಬಿಟ್ಟು ಹಡಗು ಹತ್ತುತ್ತಾರೆ. ಗಿಲ್ಲಿ ಹಗಲೂ ರಾತ್ರಿ ಅಳ್ತಾ ಇರ್ತಾಳೆ. ಸಮುದ್ರದ ಹೆದರಿಕೆ ಅಂತ ಸ್ಯಾಮ್ ಅಂದುಕೊಳ್ತಾನೆ, ನಾವೂ ಹಾಗೇ ಅಂದುಕೊಳ್ತೇವೆ. ಸ್ಯಾಮ್‌ನ ಎರಡನೇ ಅಧ್ಯಾಯದಲ್ಲಿ ಏಮನ್ ಬಾಯಿಂದ ತಿಳಿಯುತ್ತೆ, ಅದು ಹೆತ್ತವಳ ದುಃಖ, ಅವಳ ತೊಡೆಯ ಮೇಲಿರೋ ಕೂಸು ಅವಳದ್ದಲ್ಲ, ಜಾನ್ ಬದಲಿ ಮಾಡಿದ್ದಾನೆ ಅಂತ. ಐದನೇ ಸಂಪುಟದಲ್ಲಿ ಜಾನ್‌ನ ಎರಡನೇ ಅಧ್ಯಾಯ ಮೊದಲು ಓದಿದರೆ ಈ ಬದಲಿ ನಿಮ್ಮ ಕಣ್ಣೆದುರೇ ನಡೆದು ಹೋಗುತ್ತೆ. ಹಡಗಿನ ಅಳುವಿನಲ್ಲಿ ಒಗಟು ಉಳಿಯೋದಿಲ್ಲ.

ಎರಡು, ಡಾರ್ನ್. ಅಲ್ಲಿಯ ರಾಜ ಒಳಗೊಳಗೇ ಏನು ಹೂಡಿದ್ದಾನೆ ಅನ್ನೋದು ನಾಲ್ಕನೇ ಸಂಪುಟದ 40ನೇ ಅಧ್ಯಾಯ 'ದಿ ಪ್ರಿನ್ಸೆಸ್ ಇನ್ ದಿ ಟವರ್' ಕೊನೆಗೆ ಒಡೆಯುತ್ತೆ. ಐದನೇದರ 6ನೇ ಅಧ್ಯಾಯ 'ದಿ ಮರ್ಚಂಟ್ಸ್ ಮ್ಯಾನ್' ಅದನ್ನ ನೇರವಾಗಿ ಹೇಳಿಬಿಡುತ್ತೆ. ಕಾಲಕ್ರಮದ ಹೆಸರಲ್ಲಿ ಇದನ್ನ ಮೊದಲು ಓದಿದರೆ ಡಾರ್ನ್‌ನ ನಾಲ್ಕು ಅಧ್ಯಾಯ ಕಟ್ಟಿದ್ದೆಲ್ಲ ವ್ಯರ್ಥ. ಬೆರೆಸಿಯೇ ಓದ್ತೇನೆ ಅನ್ನುವವರು ಇದೊಂದನ್ನಾದರೂ 40ನೇದರ ಆಚೆಗೆ ತಳ್ಳಿ.

ಡಾರ್ನ್‌ನದ್ದು ಏನು ಅಂತ ಇಲ್ಲಿ ಬರೆಯೋದಿಲ್ಲ. ಟಿವಿ ನೋಡಿದ್ದೇನೆ ಅಂದಿರಿ, ಆದರೆ ಆ ರಾಜಕುಮಾರಿ ಅರಿಯಾನ್ ಟಿವಿಯಲ್ಲಿ ಇಲ್ಲವೇ ಇಲ್ಲ. ಅಲ್ಲಿಯ ಡಾರ್ನ್ ಬೇರೆಯೇ ಕತೆ.

ಅಘನಾಶಿನಿ:
ಅಂದರೆ ಮೊದಲ ಓದುಗನಿಗೆ 'ನಾಲ್ಕು ಮೊದಲು, ಐದು ಆಮೇಲೆ' ಅನ್ನೋ ಕ್ರಮವನ್ನ ಗಮನದಲ್ಲಿಟ್ಟೇ ಬರೆದಿದ್ದಾರೆ ಅಂತ ಆಯ್ತು. ಬೈತಖೋಲದವರು ಇದಕ್ಕೇನಂತೀರಿ? ಒಡೆದ ಮೇಲೂ ಒಡಕಿನಿಂದ ಕೆಲಸ ತೆಗೆದಿದ್ದಾರಲ್ಲ.

ಬೈತಖೋಲ:
ಗಿಲ್ಲಿಯ ಕೂಸಿನದ್ದು ಒಪ್ಪಿದೆ, ಅದು ನಿಜವಾಗಿ ಚಂದ ಬಂದಿದೆ. ಆದರೆ ಆರು ವರ್ಷ ಕಾದವನಿಗೆ ಅದೊಂದೇ ಸಾಲದು. ಈಗ ಎರಡೂ ಸಂಪುಟ ಒಟ್ಟಿಗೆ ಕೈಯಲ್ಲಿರುವವರಿಗೆ ಕಾಯುವ ಕಷ್ಟ ಇಲ್ಲ, ಅದಕ್ಕೇ ನೀವೆಲ್ಲ ಇಷ್ಟು ಮೃದುವಾಗಿ ಮಾತಾಡ್ತೀರಿ.

ಶರಾವತಿ ಎಡದಂಡೆ:
ಇದೇ ತಪ್ಪು ಇನ್ನೊಬ್ಬರೂ ಮಾಡಿದ್ದಾರೆ. ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ಸರಣಿಯ ಒಂಬತ್ತನೇ ಸಂಪುಟ 2000ದಲ್ಲಿ ಬಂತು. ಅದರ ಕೊನೆಯಲ್ಲಿ ಇಡೀ ಲೋಕವೇ ಬೆಚ್ಚಿಬೀಳುವಂಥ ಒಂದು ಘಟನೆ. ಹತ್ತನೇದು, 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್', 2003ರದ್ದು. ಅದರ ಬಹುಪಾಲು ಏನು ಗೊತ್ತಾ? ಆ ಘಟನೆ ನಡೆಯುವ ಹೊತ್ತಿಗೆ ಉಳಿದ ಪಾತ್ರಗಳು ಎಲ್ಲೆಲ್ಲಿ ಏನೇನು ಮಾಡ್ತಾ ಇದ್ದವು ಅನ್ನೋದು. ಗಡಿಯಾರ ಹಿಂದಕ್ಕೆ ತಿರುಗಿಸಿ, ಎಲ್ಲರನ್ನೂ ಅದೇ ಜಾಗಕ್ಕೆ ತಂದು ನಿಲ್ಲಿಸುವಾಗ ಪುಸ್ತಕವೇ ಮುಗಿದು ಹೋಗುತ್ತೆ.

ಪಾತ್ರ ಹೆಚ್ಚಾದಾಗ ಬರುವ ರೋಗ ಇದು. ನೋಡುವ ಕಣ್ಣು ಹತ್ತು ಹನ್ನೆರಡಾದ ಮೇಲೆ ಎಲ್ಲರಿಗೂ ಒಂದು ಹೆಜ್ಜೆ ಮುಂದಿಡಿಸಲಿಕ್ಕೆ ಒಂದು ಸಂಪುಟ ಬೇಕು. ಒಬ್ಬರನ್ನ ಕೈಬಿಟ್ಟರೆ ಇನ್ನೊಬ್ಬರ ಕಾಲ ಮುಂದೆ ಓಡುತ್ತೆ. ಅವರನ್ನ ಹಿಡಿಯಲಿಕ್ಕೆ ಪುನಃ ಹಿಂದೆ ಬರಬೇಕು.

ಬನವಾಸಿ:
ಜೋರ್ಡನ್ 2007ರಲ್ಲಿ ತೀರಿಕೊಂಡರು. ಉಳಿದ ಕತೆಯನ್ನ ಅವರ ಟಿಪ್ಪಣಿ ಹಿಡಿದು ಬ್ರಾಂಡನ್ ಸ್ಯಾಂಡರ್ಸನ್ ಮೂರು ಸಂಪುಟ ಮಾಡಿ 2013ಕ್ಕೆ ಮುಗಿಸಿದರು. ಇದು ನಮಗೇನೂ ಹೊಸತಲ್ಲ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟು ಪರ್ವವನ್ನ ವಿಜಯನಗರದಲ್ಲಿ ಕೃಷ್ಣದೇವರಾಯನ ಕಾಲಕ್ಕೆ ತಿಮ್ಮಣ್ಣ ಕವಿ ಬರೆದು ಮುಗಿಸಿದ, ಅದೇ ಭಾಮಿನಿ ಷಟ್ಪದಿಯಲ್ಲಿ. ಬಾಣಭಟ್ಟನ 'ಕಾದಂಬರಿ'ಯೂ ಅರ್ಧಕ್ಕೆ ನಿಂತಿತ್ತು, ಮಗ ಭೂಷಣಭಟ್ಟ ಉತ್ತರಭಾಗ ಬರೆದ. ನಾಗವರ್ಮ ಎರಡನ್ನೂ ಕನ್ನಡಕ್ಕೆ ತಂದ. ನಾವೀಗ ಯಾವ ಹೆಸರಿನಿಂದ ಈ ಸಾಹಿತ್ಯವನ್ನೇ ಕರೀತೇವೋ, ಆ ಹೆಸರೇ ಅರ್ಧಕ್ಕೆ ನಿಂತ ಪುಸ್ತಕದ್ದು.

ಇಡಗುಂಜಿ ದಾರಿ:
ಆದರೆ ಗಮಕಿಗಳು ಹಾಡೋದು ಗದುಗಿನ ಭಾರತವನ್ನೇ ಅಲ್ಲವಾ ಮಾಸ್ತರ್ರೆ. ತಿಮ್ಮಣ್ಣ ಕವಿಯ ಭಾಗ ಕೇಳೋದು ಬಹಳ ಅಪರೂಪ.

ಬನವಾಸಿ:
ಅದು ನಿಜ. ಮುಗಿಸಿದ್ದು ಇದೆ ಅನ್ನೋ ಸಮಾಧಾನ ಬೇರೆ, ಪ್ರೀತಿ ಬೇರೆ.

ಕುಮಟಾ ಪೇಟೆ:
ಮಾರ್ಟಿನ್ ಅವರ ಆರನೇದು ಇನ್ನೂ ಬಂದಿಲ್ಲ, ಅದನ್ನೂ ಹೊಸ ಓದುಗರಿಗೆ ಹೇಳಿಬಿಡಿ.

ಗಂಗಾವಳಿ:
ಹೌದು. ಐದರ ಕೊನೆಯಲ್ಲಿ ನಾಲ್ಕೈದು ಕತೆ ಬಾವಿಯ ಅಂಚಿನಲ್ಲೇ ನಿಂತಿವೆ.

ಕೊಳ್ಳುವವರಿಗೆ ಇನ್ನೊಂದು ಮಾತು. ನಮ್ಮ ಕಡೆ ಸಿಗೋದು ಹೆಚ್ಚಾಗಿ ಬ್ರಿಟಿಷ್ ಮುದ್ರಣ. ಅದರಲ್ಲಿ ಮೂರನೇದೂ ಐದನೇದೂ ಎರಡೆರಡು ಭಾಗ ಆಗಿ ಬರ್ತವೆ. ಮೂರನೇದು 'ಸ್ಟೀಲ್ ಆಂಡ್ ಸ್ನೋ', 'ಬ್ಲಡ್ ಆಂಡ್ ಗೋಲ್ಡ್'. ಐದನೇದು 'ಡ್ರೀಮ್ಸ್ ಆಂಡ್ ಡಸ್ಟ್', 'ಆಫ್ಟರ್ ದಿ ಫೀಸ್ಟ್'. ಈ ಕೊನೇ ಹೆಸರು ನೋಡಿ ನಾಲ್ಕನೇದರ ನೇರ ಮುಂದುವರಿಕೆ ಅಂತ ತಿಳಕೊಂಡು ಅದೊಂದನ್ನೇ ತರಿಸಿದರೆ ಐದನೇದರ ಮೊದಲರ್ಧ ತಪ್ಪಿ ಹೋಗುತ್ತೆ. ಐದು ಸಂಪುಟದ ಪೆಟ್ಟಿಗೆಯಲ್ಲಿ ಏಳು ಪುಸ್ತಕ ಇರ್ತವೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಕುಮಟಾ ಪೇಟೆ:
ಪುಸ್ತಕದ ಮಾತು ಬಂತಲ್ಲ, ವಿಷಯಾಂತರ ಅನ್ನಬೇಡಿ. ಈ ದಪ್ಪ ಪೇಪರ್‌ಬ್ಯಾಕ್‌ಗಳ ಬೆನ್ನು ಮಳೆಗಾಲದಲ್ಲಿ ಬಿಟ್ಟುಕೊಳ್ತದೆ. ಬೂಸ್ಟು ಬೇರೆ. ಏನು ಉಪಾಯ?

ಶರಾವತಿ ಎಡದಂಡೆ:
ಇವಕ್ಕೆ ಹೊಲಿಗೆ ಇಲ್ಲ, ಬರೀ ಅಂಟು. ಸಾವಿರ ಪುಟದ ಪುಸ್ತಕವನ್ನ ನಡುವಿನಲ್ಲಿ ಒಮ್ಮೆಲೇ ಅಗಲ ಮಾಡಿದರೆ ಬೆನ್ನಿನ ಅಂಟು ಅಲ್ಲೇ ಸೀಳುತ್ತೆ. ಹೊಸ ಪುಸ್ತಕದ ಬೆನ್ನನ್ನ ಮೇಜಿನ ಮೇಲೆ ಊರಿ, ಮುಂದಿನಿಂದ ಇಪ್ಪತ್ತು ಪುಟ, ಹಿಂದಿನಿಂದ ಇಪ್ಪತ್ತು ಪುಟ, ಹೀಗೆ ಎರಡೂ ಕಡೆಯಿಂದ ಬಗ್ಗಿಸಿ ಒತ್ತುತ್ತಾ ನಡುವಿಗೆ ಬನ್ನಿ. ಆಮೇಲೆ ಸೀಳೋದು ಕಡಿಮೆ. ಈಗಾಗಲೇ ಬಿಟ್ಟಿದ್ದರೆ ಬಿಳಿ ಫೆವಿಕಾಲ್ ಸಾಕು. ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಮಾಡಿ, ಸಣ್ಣ ಕುಂಚದಲ್ಲಿ ಬಿರುಕಿನ ಒಳಗೆ ಮಾತ್ರ ಹಚ್ಚಿ, ಎರಡೂ ಕಡೆ ಪ್ಲಾಸ್ಟಿಕ್ ಹಾಳೆ ಇಟ್ಟು ಭಾರ ಹೇರಿ ಒಂದು ದಿನ ಬಿಡಿ. ಅಂಟು ಜಾಸ್ತಿಯಾದರೆ ಪುಟ ಪುಟ ಹಿಡಿದುಕೊಳ್ತದೆ. ಸೆಲೋಟೇಪ್ ಮಾತ್ರ ಬೇಡವೇ ಬೇಡ, ಎರಡು ವರ್ಷಕ್ಕೆ ಹಳದಿಯಾಗಿ ಕಾಗದವನ್ನೇ ತಿಂತದೆ.

ಅಘನಾಶಿನಿ:
ಬೂಸ್ಟಿಗೆ: ಗಾಳಿಯಲ್ಲಿ ತೇವ ಶೇಕಡಾ 65-70 ದಾಟಿತು ಅಂದರೆ ಬೂಸ್ಟು ಏಳುತ್ತೆ. ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ಅದು ಯಾವಾಗಲೂ ಅದಕ್ಕಿಂತ ಮೇಲೆ. ಮಳೆ ಹೊಡೆಯುವ ಪಡುವಣ ಗೋಡೆಗೆ ಕಪಾಟು ಒರಗಿಸಬಾರದು. ಬೇರೆ ಗೋಡೆಗೂ ಎರಡು ಮೂರು ಇಂಚು ಬಿಟ್ಟು ಇಡಬೇಕು. ಪುಸ್ತಕ ತುರುಕಬಾರದು, ಗಾಳಿ ಆಡಬೇಕು. ಬೇವಿನ ಎಲೆ ಇಡೋದಾದರೆ ಪೂರ್ತಿ ಒಣಗಿಸಿ ಇಡಿ. ಹಸಿ ಎಲೆ ತಾನೇ ತೇವ ಬಿಡುತ್ತೆ. ಬಾಗಿಲಿರುವ ಕಪಾಟಾದರೆ ನೀಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ ಪುನಃ ಬಳಸಬಹುದು. ಬೂಸ್ಟು ಹಿಡಿದದ್ದನ್ನ ಕೋಣೆಯ ಒಳಗೆ ಝಾಡಿಸಬೇಡಿ, ಬೀಜ ಎಲ್ಲ ಪುಸ್ತಕಕ್ಕೂ ಹಾರುತ್ತೆ. ಮೊದಲು ಫ್ಯಾನ್ ಗಾಳಿಗೆ ಒಣಗಿಸಿ, ಆಮೇಲೆ ಜಗಲಿಗೆ ತಂದು ಒಣ ಕುಂಚದಲ್ಲಿ ತೆಗೆಯಿರಿ.

ಸೋಂದೆ:
ಶಿರಸಿ ಕಡೆ ಹಳೇ ಮನೆಗಳಲ್ಲಿ ಹೊಗೆ ಅಟ್ಟದಲ್ಲಿ ಇಡ್ತಿದ್ದರು. ಬೂಸ್ಟು ಬರೋದಿಲ್ಲ ಅನ್ನೋದು ನಿಜ, ಆದರೆ ಹೊಗೆಗೆ ಕಾಗದ ಕಂದಾಗಿ, ಮಡಚಿದಲ್ಲಿ ಮುರೀತದೆ. ಈಗಿನ ಅಗ್ಗದ ಕಾಗದಕ್ಕಂತೂ ಆಗಲಿಕ್ಕಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಕೋಡಿಬಾಗದವರೆ, ನೀವು 21 ಮುಗಿಸಿದ್ದೀರಿ ಅಂದರೆ ಸ್ಯಾಮ್‌ನ ಎರಡೂ ಅಧ್ಯಾಯ ದಾಟಿದೆ, ಕೂಸಿನ ಗುಟ್ಟು ನಿಮಗೆ ಗೊತ್ತಾಗಿದೆ. ಹಾಗಾದರೆ ಒಂದು ಕೆಲಸ ಮಾಡಿ. ಐದನೇ ಸಂಪುಟ ಕೈಯಲ್ಲಿದ್ದರೆ 7ನೇ ಅಧ್ಯಾಯ, ಜಾನ್‌ನ ಎರಡನೇದು, ಅದೊಂದನ್ನು ಮಾತ್ರ ಓದಿ. ಅದರ ಹಿಂದಿನ 6ನೇದರ ಮೇಲೆ ಕಣ್ಣು ಹಾಯಿಸಬೇಡಿ. ಆಮೇಲೆ ನಾಲ್ಕನೇದರ 5ನೇ ಅಧ್ಯಾಯ, ಸ್ಯಾಮ್‌ನ ಮೊದಲನೇದನ್ನ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಒಂದೇ ಭೇಟಿ, ಒಂದೇ ಕೋಣೆ, ಆಡಿದ ಮಾತೂ ಅವೇ.

ಇಡಗುಂಜಿ ದಾರಿ:
ಇನ್ನೊಂದು ಸೇರಿಸ್ತೇನೆ. ಮುನ್ನುಡಿ ಅಧ್ಯಾಯದಲ್ಲಿ ಓಲ್ಡ್‌ಟೌನ್ ಬೀದಿಯಲ್ಲಿ ಚಿನ್ನದ ನಾಣ್ಯ ಕಚ್ಚಿ ನೋಡಿ ಬಿದ್ದ ಹುಡುಗನ ಹೆಸರು ಮರೀಬೇಡಿ. ಪುಸ್ತಕದ ಕೊನೇ ಸಾಲಿನ ತನಕ.

ಬೈತಖೋಲ:
ಆ ಕೊನೇ ಸಾಲು ಚೆನ್ನಾಗಿದೆ, ಅದಕ್ಕೆ ನನ್ನದೂ ಮತ ಇದೆ. ಒಡೆದಿದ್ದು ತಪ್ಪು ಅನ್ನೋ ಮಾತಿನಿಂದ ಮಾತ್ರ ಹಿಂದೆ ಸರಿಯೋದಿಲ್ಲ.

ಕೋಡಿಬಾಗ:
ಸೋಂದೆ ಭಾವ ಹೇಳಿದ ಹಾಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದೆ. ಸ್ಯಾಮ್ ನೋಡುವಾಗ ಎದುರಿಗಿರೋದು ಗೆಳೆಯನೇ ಅಲ್ಲ. ಮುಖ ಕಲ್ಲಾಗಿದೆ, ಅಪ್ಪಣೆ ಕೊಡ್ತಾನೆ, ಅಳಬೇಡ ಅಂತಾನೆ. ಜಾನ್‌ನ ಅಧ್ಯಾಯದಲ್ಲಿ ಅವೇ ಮಾತು, ಆದರೆ ಒಳಗೆ ಅವನು ಬೇರೆ ದಾರಿ ಇದ್ದಿದ್ದರೆ ಅಂತ ಒದ್ದಾಡ್ತಾ ಇದ್ದಾನೆ. ಹೊರಡುವ ಹೊತ್ತಿಗೆ ಏಮನ್ ಅವನಿಗೆ ಹೇಳುವ ಬುದ್ಧಿಮಾತು, ನಿನ್ನೊಳಗಿನ ಹುಡುಗನನ್ನ ನೀನೇ ಕೊಲ್ಲಬೇಕು ಅನ್ನೋದು, ಸ್ಯಾಮ್‌ಗೆ ಗೊತ್ತೇ ಇಲ್ಲ. ಹಾಗಾಗಿ ಹಡಗಿನಲ್ಲಿ ಜಾನ್ ಮೇಲೆ ಅವನಿಗೆ ಬರುವ ಸಿಟ್ಟು ಅಷ್ಟು ನಿಜ ಅನ್ನಿಸ್ತದೆ. ಮೊದಲ ಸಲ ಅದನ್ನ ಓದುವಾಗ ನನಗೂ ಜಾನ್ ಮೇಲೆ ಸಿಟ್ಟು ಬಂದಿತ್ತು.

ಟಿರಿಯನ್ ಇಲ್ಲದ ಬೇಜಾರು ಹೋಗಿಲ್ಲ. ಒಡೆದಿದ್ದು ತಪ್ಪು ಅನ್ನೋದರಲ್ಲಿ ನಾನು ಬೈತಖೋಲದವರ ಪಕ್ಷವೇ. ಆದರೆ ಪುಸ್ತಕ ಬಿಡೋದಿಲ್ಲ. 22ನೇದು ಆರ್ಯಳದ್ದು, ಇವತ್ತು ರಾತ್ರಿ ಅಲ್ಲಿಂದ.

ಬನವಾಸಿ:
ಮೆರಿಬಾಲ್ಡ್ ಸಿಕ್ಕಿದ ದಿನ ಇಲ್ಲಿ ಬರೀರಿ. ಅವನ ಜೊತೆ ಒಂದು ನಾಯಿಯೂ ಇದೆ, ಅದಕ್ಕೆ ಹೆಸರಿಟ್ಟಿಲ್ಲ. ಯಾಕೆ ಇಟ್ಟಿಲ್ಲ ಅಂತ ಅವನೇ ಹೇಳ್ತಾನೆ, ಗಮನ ಇಟ್ಟು ಓದಿ.